ತಾವರೆ, ನೈದಿಲೆ ಫೋಟೊ ಹಾಕುವವರಿಗೆ

ಎಲ್ಲರಿಗೂ ನಮಸ್ಕಾರ. ನಿನ್ನೆಯಿಂದ ಕೆರೆ ಹೂಗಳ ಫೋಟೊ ಜಾಸ್ತಿ ಬರುತ್ತಿವೆ, ತುಂಬಾ ಖುಷಿಯಾಗಿದೆ. ಒಂದು ವಿನಂತಿ: ತಾವರೆಯನ್ನೂ ನೈದಿಲೆಯನ್ನೂ ಒಂದೇ ಕುಟುಂಬ ಎಂದು ಬರೆಯಬೇಡಿ. ಎಷ್ಟೋ ಹಳೆಯ ಪುಸ್ತಕಗಳಲ್ಲಿ ಹಾಗೆಯೇ ಇದೆ, ಅದು ನಿಮ್ಮ ತಪ್ಪಲ್ಲ.

ಎರಡೂ ನೀರಿನವು. ದೊಡ್ಡ ಹೂ, ದುಂಡನೆ ಎಲೆ. ನೋಡಿದರೆ ಅಕ್ಕತಂಗಿಯರೇ ಅನ್ನಿಸುತ್ತದೆ, ಅಲ್ವಾ? ಆದರೆ 1990ರ ದಶಕದಲ್ಲಿ ನೂರಾರು ಗಿಡಗಳ ಆರ್‌ಬಿಸಿಎಲ್ ಎಂಬ ಜೀನನ್ನು ಹೋಲಿಸಿ ನೋಡಿದಾಗ ಲೆಕ್ಕವೇ ಬದಲಾಯಿತು. ನೈದಿಲೆಯದು ಹೂಬಿಡುವ ಗಿಡಗಳಲ್ಲಿ ಬಹಳ ಹಿಂದೆಯೇ ಕವಲೊಡೆದ ವಂಶ. ತಾವರೆಯ ನೆಂಟರು ಯಾರು ಗೊತ್ತಾ? ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ, ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್! ಕುಟುಂಬ ಬೇರೆ, ಆದರೆ ಎರಡೂ ಪ್ರೋಟಿಯೇಲ್ಸ್ ಎಂಬ ಒಂದೇ ದೊಡ್ಡ ಗುಂಪಿನವು. ನನಗಂತೂ ಇದನ್ನು ಮೊದಲು ಓದಿದಾಗ ನಂಬಲು ಆಗಲಿಲ್ಲ. ಪರಾಗದಲ್ಲಿ ಸುಳಿವು ಮೊದಲೇ ಇತ್ತು. ತಾವರೆಯ ಪರಾಗದ ಕಣದಲ್ಲಿ ಮೂರು ಗೀರುಗಳಿವೆ, ನೈದಿಲೆಯದರಲ್ಲಿ ಹಾಗಿಲ್ಲ.

ಹೀಗೇ ತೇಗ ಈಗ ತುಳಸಿಯ ಕುಟುಂಬ, ಎಕ್ಕ ಕಣಗಿಲೆಯ ಕುಟುಂಬ, ಬೂರುಗ ದಾಸವಾಳದ ಕುಟುಂಬ.

ನಮ್ಮ ಗುಂಪಿನಲ್ಲಿ ಇನ್ನು ಮುಂದೆ 2016ರ ಎಪಿಜಿ 4 (ಹೂಬಿಡುವ ಗಿಡಗಳನ್ನು ಕುಟುಂಬಗಳಾಗಿ ವಿಂಗಡಿಸಿರುವ ಸಸ್ಯವಿಜ್ಞಾನಿಗಳ ಪಟ್ಟಿ) ಹೇಳುವ ಕುಟುಂಬದ ಹೆಸರುಗಳನ್ನೇ ಬಳಸೋಣ. ಹೂವಿನ ಜೊತೆ ಎಲೆಯ ಫೋಟೊವನ್ನೂ ತಪ್ಪದೆ ಹಾಕಿ. ನೈದಿಲೆ ಎಲೆಯಲ್ಲಿ ಒಂದು ಸೀಳು ಇರುತ್ತದೆ. ತಾವರೆ ಎಲೆಗೆ ಸೀಳಿಲ್ಲ, ತೊಟ್ಟು ನಟ್ಟನಡುವೆ ಅಂಟಿರುತ್ತದೆ.