ಬಾಗಿಲು ಯಾರು ತಟ್ಟುತ್ತಾರೆ ಅಂತ ಕೇಳಿದ್ದೀಯಲ್ಲ

ತುಮಕೂರು

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ಬಂತು. ಮಗುವಿನ ಸ್ಕೂಲು, ನಿಮ್ಮ ಅತ್ತೆಯ ಮಂಡಿನೋವು, ಎಲ್ಲ ಓದಿಕೊಂಡೆ. ಆದರೆ ಕೊನೆಗೆ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ಎದುರು ಮನೆಯವರು ಇನ್ನೂ ಮಾತಾಡಲ್ಲ, ಈ ಸಲ ರಾತ್ರಿ ನೀರು ಬಂದರೆ ನಮ್ಮ ಬಾಗಿಲು ಯಾರು ತಟ್ಟುತ್ತಾರೆ ದೊಡ್ಡಪ್ಪ ಅಂತ. ಅದು ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಫೋನ್ ಮಾಡೋಣ ಅಂದುಕೊಂಡೆ, ಆಮೇಲೆ ಬೇಡ ಅನ್ನಿಸಿತು. ಫೋನಿನಲ್ಲಿ ನೀನು "ಅಯ್ಯೋ, ಸುಮ್ನೆ ಬರೆದೆ ಬಿಡಿ" ಅಂದುಬಿಡುತ್ತೀಯ. ಸುಮ್ನೆ ಬರೆದಿಲ್ಲ ಅಂತ ನನಗೆ ಗೊತ್ತು.

2022ರ ಮಳೆಯ ಕತೆ ಮತ್ತೆ ಬರೆಯಲ್ಲ. ಅನುಭವಿಸಿದವರು ನೀವು. ನಮ್ಮದು ಬರದ ಜಿಲ್ಲೆ ಅಂತ ಕೇಳಿಕೊಂಡೇ ಬೆಳೆದವನು ನಾನು. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟಿ ಬರೋ ಜಯಮಂಗಲಿಯನ್ನು ವರ್ಷದ ಬಹುಪಾಲು ಮರಳಿನ ಮೇಲೇ ನಡೆದು ದಾಟುತ್ತಿದ್ದೆವು. ಅದಕ್ಕೇ ಹೊಳೆ ದಡದಲ್ಲಾಗಲಿ, ಕೆರೆ ಕೆಳಗಾಗಲಿ ಮನೆ ಕಟ್ಟೋಕೆ ಯಾರೂ ಹೆದರಲಿಲ್ಲ. ಅದಕ್ಕೆ ಹಿಂದಿನ ವರ್ಷ, 2021ರ ನವೆಂಬರ್‌ನಲ್ಲಿ, ಕೋಲಾರ ಚಿಕ್ಕಬಳ್ಳಾಪುರದ ಕಡೆಯೂ ಹೀಗೇ ಆಯಿತು. ಎಷ್ಟೋ ವರ್ಷ ಒಣಗಿದ್ದ ಕೆರೆಗಳು ಕೋಡಿ ಬಿದ್ದವು ಅಂತ ಜನ ಬಾಗಿನ ಕೊಟ್ಟರು. ಅದೇ ಮಳೆಗೆ ಕೊಯ್ಲಿಗೆ ಬಂದಿದ್ದ ರಾಗಿ ತೆನೆಯಲ್ಲೇ ಮೊಳಕೆ ಒಡೆಯಿತು.

ನೀರಿಗಿಂತ ಆಮೇಲೆ ಬಂದ ಸರ್ಕಾರದ ಪರಿಹಾರದ ಪಟ್ಟಿ ನನ್ನನ್ನು ಜಾಸ್ತಿ ಕಾಡುತ್ತಿದೆ. ಆ ವರ್ಷ ಮನೆಗಳನ್ನು ಎ, ಬಿ, ಸಿ ಅಂತ ಮಾಡಿದರಲ್ಲ. ಪೂರ್ತಿ ಬಿದ್ದದ್ದಕ್ಕೆ 5 ಲಕ್ಷ, ಅರ್ಧಂಬರ್ಧ ಬಿದ್ದದ್ದಕ್ಕೆ 3 ಲಕ್ಷ, ಸ್ವಲ್ಪ ಹಾಳಾದದ್ದಕ್ಕೆ 50 ಸಾವಿರ. ನಿಮ್ಮದು ಎ, ಅವರದು ಸಿ. ಮಧ್ಯೆ ಇರೋದು ಒಂದು ಎತ್ತಿನ ಗಾಡಿ ಹೋಗುವಷ್ಟು ಬೀದಿ. ಮಣ್ಣಿನ ಗೋಡೆ ಎಷ್ಟೋ ಸಲ ಮಳೆ ಸುರಿಯುವಾಗ ಗಟ್ಟಿಯಾಗೇ ನಿಂತಿರುತ್ತೆ. ಬುಡ ನೆನೆದಿರುತ್ತೆ, ಮೇಲೆ ಭಾರ ಹಾಗೇ ಇರುತ್ತೆ. ಮಳೆ ನಿಂತು ಎರಡು ದಿನ ಬಿಸಿಲು ಕಾದ ಮೇಲೆ ಬಿರುಕು ಬಿಟ್ಟು ಕೂತುಬಿಡುತ್ತೆ. ಅವರ ಮನೆಗೂ ಅದೇ ಆಗಿದ್ದು. ನೋಡೋಕೆ ಬಂದವರು ಬಂದ ದಿನ ಗೋಡೆ ನಿಂತಿತ್ತು. ಬರೆದುಕೊಂಡು ಹೋದ ಮೇಲೆ ಬಿತ್ತು. ಅವರು ಟಾರ್ಪಾಲಿನ ಕೆಳಗೆ ಕೂತು ನಿಮ್ಮ ಮನೆಗೆ ಮೋಲ್ಡ್ ಹಾಕೋದನ್ನು ನೋಡಿದರು.

ನಿಮ್ಮದೇನೂ ತಪ್ಪಿಲ್ಲ. ನಿಮ್ಮ ಮನೆ ನಿಜವಾಗಲೂ ಬಿದ್ದಿತ್ತು, ನಿಮಗೆ ಬರಬೇಕಾದ್ದು ಬಂತು. ಆದರೂ ಅವರ ಜಾಗದಲ್ಲಿ ನಾನಿದ್ದರೆ ನನಗೂ ಹೊಟ್ಟೆ ಉರಿಯುತ್ತಿತ್ತು. ದುಡ್ಡು ಕೊಟ್ಟವರು ಯಾರೂ ಬೀದಿಯಲ್ಲಿ ಇರಲ್ಲ. ಕಣ್ಣಿಗೆ ಕಾಣೋದು ಎದುರು ಮನೆ. ಸಿಟ್ಟು ಅಲ್ಲಿಗೇ ಹೋಗುತ್ತೆ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಬರೋಕೆ ಮುಂಚೆ ನಿಮ್ಮ ಅಪ್ಪ ನಿನಗೆ ಹೇಳಿರಲಾರದ ಒಂದು ವಿಷಯ ಹೇಳಬೇಕು. ಅವನು ಆಗ ತೊಟ್ಟಿಲಲ್ಲಿದ್ದ.

ನಾನು ಚಿಕ್ಕವನಿದ್ದಾಗ ಊರ ಕೆರೆ ಒಂದು ರಾತ್ರಿ ಏರಿ ಮೀರೋ ಹಾಗೆ ಬಂದಿತ್ತು. ಮೇಲಿನ ಊರಿನ ಕೆರೆ ಒಡೆದರೆ ಆ ನೀರೆಲ್ಲ ನಮ್ಮ ಕೆರೆಗೇ ಬರಬೇಕು. ನಮ್ಮ ಕಡೆ ಕೆರೆಗಳೆಲ್ಲ ಹಾಗೇ, ಒಂದರ ಕೋಡಿ ಇನ್ನೊಂದಕ್ಕೆ. ಕೆರೆ ಕಾಯೋ ನೀರಗಂಟಿ ಏರಿ ಮೇಲಿಂದ ಕೂಗಿಕೊಂಡು ಓಡಿ ಬಂದಿದ್ದನಂತೆ. ನಮ್ಮದು ಬೀದಿಯ ಕೊನೇ ಮನೆ, ಹೆಂಚಿನ ಮೇಲೆ ಮಳೆಯ ಸದ್ದು, ನಮಗೇನೂ ಕೇಳಿಸಿಲ್ಲ. ಎದ್ದದ್ದು ಬಾಗಿಲಿಗೆ ಒನಕೆಯಲ್ಲಿ ಗುದ್ದಿದ ಸದ್ದಿಗೆ. ಗುದ್ದಿದವರು ಪಕ್ಕದ ಮನೆಯ ಅಜ್ಜಿಯ ಗಂಡ. ಬಚ್ಚಲು ನೀರಿನ ಮೋರಿ ವಿಷಯಕ್ಕೆ ನಮ್ಮಪ್ಪನಿಗೂ ಅವರಿಗೂ ಮಾತು ನಿಂತು ವರ್ಷಗಳೇ ಆಗಿದ್ದವು. ಆವತ್ತೂ ಅವರು ನಮ್ಮಪ್ಪನ ಹೆಸರು ಹಿಡಿದು ಕರೆಯಲಿಲ್ಲ. "ಮನೇಲಿ ಮಕ್ಕಳಿದಾವೆ, ಏಳ್ರೀ" ಅಂತ ಕೂಗಿದರು. ನಮ್ಮಜ್ಜಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಗುಡಿ ದಿಬ್ಬಕ್ಕೆ ಹೋದವರೂ ಅವರೇ.

ಬೆಳಗ್ಗೆ ಇಳಿದು ಬಂದಾಗ ಮನೆ ನಿಂತಿತ್ತು, ಹಗೇವಿಗೆ ನೀರು ತುಂಬಿತ್ತು. ನೀನು ಹಗೇವು ನೋಡಿಲ್ಲ ಅನ್ನಿಸುತ್ತೆ. ನೆಲದೊಳಗೆ ಗುಂಡಿ ತೆಗೆದು ರಾಗಿ ತುಂಬಿ ಬಾಯಿ ಮುಚ್ಚಿಡೋದು. ಒಣಗಿದ್ದರೆ ರಾಗಿ ವರ್ಷಗಟ್ಟಲೆ ಕೆಡಲ್ಲ. ನೀರು ಹೊಕ್ಕಿತೋ ಮುಗಿಯಿತು. ಕಲ್ಲು ಸರಿಸಿದರೆ ಹುಳಿ ವಾಸನೆ ಗಪ್ಪಂತ ಮುಖಕ್ಕೆ ಹೊಡೆಯಿತು. ಅಪ್ಪ ಇಳಿಯೋಕೆ ಹೋದರು. ಅದೇ ಮನುಷ್ಯ ರಟ್ಟೆ ಹಿಡಿದು ಎಳೆದರು. ಕೊಳೆತ ಹಗೇವಿನಲ್ಲಿ ಗಾಳಿ ಕೆಟ್ಟಿರುತ್ತೆ, ಇಳಿದವರು ಮೇಲೆ ಬರಲ್ಲ. ಆ ವರ್ಷ ಬೀದಿಯಲ್ಲಿ ಯಾರ ಮನೆಯಲ್ಲಿ ರಾಗಿ ಉಳಿದಿತ್ತೋ ಅವರೆಲ್ಲ ಸೇರು ಸೇರು ತಂದು ಅಮ್ಮನ ಮೊರಕ್ಕೆ ಸುರಿದರು. ಅಮ್ಮ ಯಾರು ಎಷ್ಟು ಕೊಟ್ಟರು ಅಂತ ನೆನಪಿಟ್ಟುಕೊಂಡು ಮುಂದಿನ ಸುಗ್ಗಿಗೆ ಮುಯ್ಯಿ ತೀರಿಸಿದಳು. ಪಕ್ಕದ ಮನೆಗೆ ಮಾತ್ರ ಅಪ್ಪ ತಾವೇ ಹೋಗಬೇಕಿತ್ತು, ಹೋಗಲಿಲ್ಲ. ರಾಗಿಯನ್ನು ನನ್ನ ಕೈಯಲ್ಲಿ ಕಳಿಸಿದರು. ಇಬ್ಬರೂ ಮಾತಾಡದೇ ತೀರಿಕೊಂಡರು. ನಾನು ಅಷ್ಟು ಹೊತ್ತಿಗೆ ಕೆಲಸ ಅಂತ ತುಮಕೂರು ಸೇರಿದ್ದೆ, ಆ ಹಿರಿಯರ ಮಣ್ಣಿಗೂ ಹೋಗೋಕೆ ಆಗಲಿಲ್ಲ. ಅವರ ಎದುರು ನಿಂತು ಎರಡು ಮಾತು ಆಡಬೇಕಿತ್ತು ಅಂತ ಈಗಲೂ ಅನ್ನಿಸುತ್ತೆ ಪುಟ್ಟಿ.

ಇದನ್ನು ಹೇಳಿ, ನೋಡು ಮಾತು ಬಿಟ್ಟವರೂ ಬಾಗಿಲು ತಟ್ಟುತ್ತಾರೆ, ಹೆದರಬೇಡ ಅಂತ ಮುಗಿಸಬಹುದಿತ್ತು. ಹಾಗೆ ಹೇಳೋಕೆ ನನಗೆ ಧೈರ್ಯ ಇಲ್ಲ. ಆಗ ರಾತ್ರಿ ಎಲ್ಲರೂ ಊರಲ್ಲೇ ಇರುತ್ತಿದ್ದರು. ಈಗ ನಿಮ್ಮ ಬೀದಿಯಲ್ಲಿ ಗಂಡಸರು ಅರ್ಧಕ್ಕರ್ಧ ಬೆಂಗಳೂರಿನ ಕಡೆ ಕೆಲಸಕ್ಕೆ ಹೋಗಿರುತ್ತಾರೆ. ನೀರಗಂಟಿಗೆ ಸುಗ್ಗಿಯಲ್ಲಿ ಧಾನ್ಯ ಕೊಡೋ ಪದ್ಧತಿ ಬೋರ್‌ವೆಲ್ ಬಂದ ಮೇಲೆ ನಿಂತೇಹೋಯಿತು. ಕೆರೆ ನೋಡೋರು ಯಾರು? ಮಳೆ ಎಚ್ಚರಿಕೆ ಮೊಬೈಲಿಗೆ ಬರುತ್ತೆ ಅಂತಾರೆ, ಬರಲಿ, ಒಳ್ಳೆಯದೇ. ಆದರೆ ಅಂಥ ರಾತ್ರಿ ಮೊದಲು ಹೋಗೋದೇ ಕರೆಂಟು. ಆಮೇಲೆ ಟವರು. ಆಗ ಉಳಿಯೋದು ಎದುರು ಮನೆಯವರ ಗಂಟಲು ಒಂದೇ. ನಿನ್ನ ಹೆದರಿಕೆ ಸರಿಯಾಗೇ ಇದೆ.

ಏನು ಮಾಡಬೇಕು ಅಂತ ಹೇಳೋಕೆ ನಾನು ದೊಡ್ಡ ತಿಳಿದವನಲ್ಲ. ತೋಚಿದ್ದು ಬರೆಯುತ್ತೇನೆ, ಸರಿ ಅನ್ನಿಸಿದರೆ ಮಾಡು.

ಅವರು ತಟ್ಟುತ್ತಾರಾ ಅಂತ ಕಾಯಬೇಡ. ನೀನು ಅವರ ಬಾಗಿಲು ತಟ್ಟುತ್ತೀಯ ಅಂತ ಈಗಲೇ ಹೇಳಿಬಿಡು. ಮಾತಾಡಿಸದಿದ್ದರೂ ಪರವಾಗಿಲ್ಲ. ಸಂಜೆ ಬೀದಿಯಲ್ಲಿ ಆ ಹೆಣ್ಣುಮಗಳು ಎದುರಾದಾಗ "ಅಕ್ಕ, ನೀರು ಜಾಸ್ತಿ ಆದರೆ ನಾನು ಎಬ್ಬಿಸುತ್ತೀನಿ, ನಿಮ್ಮ ಮಾವನಿಗೆ ಕಿವಿ ಕೇಳಿಸಲ್ಲ ಅಲ್ವಾ" ಅಂತ ಅಂದು ಹೋಗು. ಉತ್ತರಕ್ಕೆ ನಿಲ್ಲಬೇಡ.

ಇನ್ನೊಂದು. ಅವರ ಪಟ್ಟಿ ವಿಷಯ ಹಳೆಯದಾಯಿತು, ಈಗ ಏನೂ ಆಗಲ್ಲವೇನೋ. ಆದರೂ ಗೋಡೆ ಆಮೇಲೆ ಬಿತ್ತು ಅಂತ ಕಣ್ಣಾರೆ ಕಂಡವರು ನೀವೇ. ತಹಶೀಲ್ದಾರರಿಗೆ ಇನ್ನೊಂದು ಅರ್ಜಿ ಕೊಡೋದಾದರೆ ನಾನೂ ಸಹಿ ಹಾಕುತ್ತೇನೆ ಅಂತ ನಿನ್ನ ಗಂಡ ಒಂದು ಮಾತು ಹೇಳಲಿ. ದುಡ್ಡು ಬಂದರೂ ಬರದಿದ್ದರೂ. ಅವನಿಗೆ ಇದು ಕಷ್ಟ ಆಗುತ್ತೆ, ಗೊತ್ತು. ಇಷ್ಟು ದಿನ ಮುಖ ತಿರುಗಿಸಿಕೊಂಡು ಹೋದವರ ಮನೆಗೆ ನಾವೇ ಯಾಕೆ ಹೋಗಬೇಕು ಅನ್ನುತ್ತಾನೆ. ಒತ್ತಾಯ ಮಾಡಬೇಡ, ನನ್ನ ಕಾಗದ ತೋರಿಸು.

ಹಾನಿ ಆದರೆ ತೊಳೆದು ಬಳಿಯೋಕೆ ಮುಂಚೆ ಫೋಟೋ ತೆಗೆಯಬೇಕು, ನಾಲ್ಕು ದಿನ ಬಿಟ್ಟು ಮತ್ತೆ ತೆಗೆಯಬೇಕು. ನಿಮ್ಮದೊಂದೇ ಅಲ್ಲ, ಇಡೀ ಬೀದಿಯದು. ಫೋನ್ ಚೆನ್ನಾಗಿರೋ ನಿನ್ನಂಥವಳು ಈ ಕೆಲಸ ವಹಿಸಿಕೊಂಡರೆ ಯಾರ ಮನೆಯೂ ಪಟ್ಟಿಯಲ್ಲಿ ತಪ್ಪಿಹೋಗಲ್ಲ. ಪಾಣಿ, ಆಧಾರ್, ಪಾಸ್‌ಬುಕ್ ಪ್ಲಾಸ್ಟಿಕ್ ಕವರಿನಲ್ಲಿ ಅಟ್ಟದ ಮೇಲಿರಲಿ. ಇದು ನಿನಗೆ ಗೊತ್ತೇ ಇದೆ.

ನಮ್ಮೂರ ನೀರಗಂಟಿ ಹೇಳುತ್ತಿದ್ದದ್ದು ಒಂದು ನೆನಪಿದೆ. ಏರಿಯ ಹಿಂಬದಿ ಬುಡದಲ್ಲಿ ತಿಳಿ ನೀರು ಒಸರುತ್ತಿದ್ದರೆ ಕಣ್ಣಿಟ್ಟಿರು. ಅದೇ ನೀರು ಕೆಂಪಗೆ, ಮಣ್ಣು ಕಲಸಿಕೊಂಡು ಬಂತೋ, ನಿಲ್ಲಬೇಡ, ಊರು ಎಬ್ಬಿಸು. ಒಳಗೆ ಮಣ್ಣು ಕೊಚ್ಚಿಕೊಂಡು ಹೋಗುತ್ತಿದೆ ಅಂತ ಅದರರ್ಥ. ಏರಿ ಮೇಲಿನ ಇಲಿ ಬಿಲ, ಜಾಲಿ ಮರದ ಬೇರು ಇವೇ ಶುರು. ಕೋಡಿಗೆ ಮೀನಿನ ಬಲೆ, ಕಲ್ಲು ಅಡ್ಡ ಇಟ್ಟಿದ್ದರೆ ತೆಗೆಸಿ. ನಿಮ್ಮ ಸಂಘದ ಹೆಂಗಸರು ವಾರಕ್ಕೊಂದು ಸಲ ಇಬ್ಬಿಬ್ಬರಾಗಿ ಏರಿ ಮೇಲೆ ನಡೆದು ಬಂದರೆ ಎಷ್ಟೋ ವಾಸಿ. ಒಂದು ವಾರ ನಿನ್ನ ಜೊತೆ ಎದುರು ಮನೆಯಾಕೆ ಬರಲಿ.

ಜಿಲ್ಲೆಯ ತುರ್ತು ನಂಬರ್ 1077 ಅಂತ ಗೋಡೆ ಮೇಲೆ ಬರೆದಿಡು. ಕೆರೆ ತುಂಬಿದ ದಿನಗಳಲ್ಲಿ ದನ ಕಟ್ಟೋ ಹಗ್ಗಕ್ಕೆ ಎಳೆದರೆ ಬಿಚ್ಚೋ ಗಂಟು ಹಾಕಿ. ನೀರು ಹೊಸ್ತಿಲು ಮುಟ್ಟೋ ಮುಂಚೆ ಮೇನ್ ಸ್ವಿಚ್ ತೆಗೆಯಿರಿ. ಇಳಿದ ಮೇಲೆ ಕುಡಿಯೋ ನೀರು ಕುದಿಸಲೇಬೇಕು, ಮಗುವನ್ನು ಕೆಸರಿಗೆ ಬರಿಗಾಲಲ್ಲಿ ಬಿಡಬೇಡ, ಇಲಿ ಜ್ವರ ಬರೋದು ಅಲ್ಲಿಂದಲೇ.

ಹಳೇ ಬಟ್ಟೆ ಕಳಿಸಲಾ ಅಂತ ಇಲ್ಲಿ ನಮ್ಮ ಪಕ್ಕದವರು ಕೇಳುತ್ತಿದ್ದಾರೆ. ಬೇಡ ಅಂದೆ. ಆವತ್ತು ನಿಮ್ಮ ಸ್ಕೂಲಿನ ಜಗುಲಿ ಮೇಲೆ ಬಟ್ಟೆ ಗುಡ್ಡೆ ಹಾಗೇ ನೆನೆದು ಬಿದ್ದಿದ್ದನ್ನು ನೋಡಿದ್ದೆನಲ್ಲ. ಮೊದಲ ವಾರ ಎಲ್ಲರೂ ಗಾಡಿ ತುಂಬಿಕೊಂಡು ಬರುತ್ತಾರೆ. ತಿಂಗಳ ಮೇಲೆ ಮೇವು, ಬಿತ್ತನೆ ಬೀಜ ಬೇಕಾದಾಗ ಯಾರೂ ಇರಲ್ಲ. ಅಂಥದ್ದಕ್ಕೆ ದುಡ್ಡು ಎತ್ತಿಡಿ ಅಂತ ಹೇಳಿದ್ದೇನೆ.

ಗೌರಿ ಹಬ್ಬಕ್ಕೆ ಮುಂಚೆ ನಾನೂ ನಿಮ್ಮ ದೊಡ್ಡಮ್ಮನೂ ಬರುತ್ತೇವೆ. ಎದುರು ಮನೆಗೆ ನಾನೇ ಹೋಗುತ್ತೇನೆ. ಆ ಮಾವನ ಜೊತೆ ಹಿಂದೆ ಸಂತೆಯಲ್ಲಿ ಮಾತಾಡಿದ ನೆನಪಿದೆ, ಹೆಸರು ಮರೆತಿದೆ. ಅವರ ಹೆಸರು, ಅವರು ಕಾಫಿ ಕುಡಿಯುತ್ತಾರೋ ಟೀನೋ ಅನ್ನೋದನ್ನು ಬರೆದು ಹಾಕು. ಪುಡಿ ಇಲ್ಲಿಂದಲೇ ತರುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ