ಎಸರು ಕುದಿಯುವವರೆಗೆ ಕಾಯಲು ಕಲಿಸಿದವರಿಗೆ

ಮೊನ್ನೆ ಎಳ್ಳ ಅಮಾವಾಸ್ಯೆಯ ದಿನ ನನ್ನ ಹೆಂಡತಿ ನಮ್ಮೂರಿನ ಹೊಲದಲ್ಲಿ ನಡೆದಳು. ಕೈಯಲ್ಲಿ ಒಂದು ಕೋಲಿತ್ತು, ಅಷ್ಟೇ. ಬನ್ನಿ ಗಿಡದ ಕೆಳಗೆ ಐದು ಕಲ್ಲಿಟ್ಟು ಪಾಂಡವರ ಪೂಜೆ ಮಾಡಿದೆವು. ಆಮೇಲೆ ಚರಗದ, ಅಂದರೆ ಭೂಮಿತಾಯಿಗೆ ಚೆಲ್ಲುವ ಎಡೆಯ ಬುಟ್ಟಿ ಹಿಡಿದು ಅವಳೇ ತೊಗರಿ ಸಾಲಿನ ಪಕ್ಕ ಚೆಲ್ಲುತ್ತಾ ಹೋದಳು. ಕರಿ ಮಣ್ಣಿನಲ್ಲಿ ಎರಡು ಹೆಜ್ಜೆ, ಪಕ್ಕದಲ್ಲಿ ಕೋಲು ಊರಿದ ಸಣ್ಣ ಗುಣಿ, ಮತ್ತೆ ಎರಡು ಹೆಜ್ಜೆ. ನಾನು ಹಿಂದೆ ನಿಂತು ಆ ಗುರುತುಗಳನ್ನೇ ನೋಡುತ್ತಿದ್ದೆ. ಹನ್ನೊಂದು ತಿಂಗಳ ಹಿಂದೆ ಅವಳ ಬಲಗಾಲಿನ ತೊಡೆ ಎಲುಬು ಮುರಿದಿತ್ತು.

ಅವಳು ಎದ್ದು ನಡೆಯುವಂತಾಗಲು ಬಹಳ ಜನ ಕೈ ಹಚ್ಚಿದ್ದಾರೆ. ಅವರೇ ನನ್ನನ್ನೂ ಎಬ್ಬಿಸಿದ್ದಾರೆ. ಎದುರಿಗೆ ಹೇಳಲು ಹೋದರೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. 25 ವರ್ಷ ಆಯ್ತು. ಸಂಜೆ ಗಂಜ್‌ನಲ್ಲಿ, ಅಂದರೆ ಕಾಳುಕಡಿಯ ಸಗಟು ಪೇಟೆಯಲ್ಲಿ, ಒಂದು ಅಡತಿ (ದಲಾಲಿ) ಅಂಗಡಿಯ ಲೆಕ್ಕವನ್ನೂ ನೋಡುತ್ತಿದ್ದೆ. ಮನೆಗೆ ಬರುವಷ್ಟರಲ್ಲಿ ರಾತ್ರಿ ಒಂಬತ್ತು. ಒಂದು ಕ್ವಿಂಟಲ್ ತೊಗರಿಗೆ ಎಷ್ಟು ಬೇಳೆ, ಎಷ್ಟು ನುಚ್ಚು, ಎಷ್ಟು ಹೊಟ್ಟು ಬೀಳುತ್ತದೆ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಕಾಳಿಗೆ ಎಣ್ಣೆ ಸವರಿ ರಾಶಿ ಹಾಕಿ ಬಿಡುವುದು, ನೀರು ಚಿಮುಕಿಸಿ ಬಿಸಿಲಿಗೆ ಒಣಗಿಸುವುದು, ಹೊಟ್ಟು ಸುಲಿದು ಒಡೆಯುವುದು, ಎಲ್ಲಾ ಕಣ್ಣಾರೆ ನೋಡಿದ್ದೇನೆ. 2019ರಲ್ಲಿ ನಮ್ಮ ಕಲಬುರಗಿ ತೊಗರಿಗೆ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಾಗ ಮಿಲ್‌ನಲ್ಲಿ ಪೇಡೆ ಹಂಚಿದ್ದೆವು. ಆದರೆ ಅದೇ ಬೇಳೆ ಮನೆಯ ಕುಕ್ಕರಿನಲ್ಲಿ ಬೇಯಲು ಎಷ್ಟು ನೀರು ಬೇಕು ಅಂತ ನನಗೆ ಗೊತ್ತಿರಲಿಲ್ಲ. ನಮ್ಮ ಓಣಿಯ ನಳಕ್ಕೆ ಯಾವ ದಿನ ನೀರು ಬರುತ್ತದೆ ಅನ್ನೋದೂ ಗೊತ್ತಿರಲಿಲ್ಲ. ಸಂಬಳ ತಂದು ಕೈಗೆ ಕೊಟ್ಟರೆ ನನ್ನ ಪಾಲಿನ ಕೆಲಸ ಮುಗೀತು ಅಂದುಕೊಂಡಿದ್ದೆ. ಯಾರೂ ತಪ್ಪು ಅಂದಿರಲಿಲ್ಲ. ನಮ್ಮಪ್ಪನೂ ಹಾಗೇ ಇದ್ದರು.

ಫೆಬ್ರುವರಿಯಲ್ಲಿ ಅವಳು ಬಚ್ಚಲಲ್ಲಿ ಜಾರಿ ಬಿದ್ದಳು. ಆಪರೇಷನ್ ಮಾಡಿ ಒಳಗೆ ರಾಡ್ ಹಾಕಿದರು. ಆಗ ರಕ್ತ ಬೇಕಾಯಿತು. ನಾನು ಫೋನು ಹಿಡಿದು ನೆಂಟರ ಹೆಸರು ಹುಡುಕುತ್ತಾ ಕೂತಿದ್ದೆ. ಅಷ್ಟರಲ್ಲಿ ನಮ್ಮ ಮಿಲ್‌ನ ಇಬ್ಬರು ಹಮಾಲರು ಆಸ್ಪತ್ರೆಗೆ ಬಂದು ನಿಂತಿದ್ದರು. ಬೆಳಗಿನಿಂದ ಚೀಲ ಹೊತ್ತವರು. ಮೈಮೇಲಿನ ಹೊಟ್ಟಿನ ಧೂಳು ಕೂಡ ಹೋಗಿರಲಿಲ್ಲ. ತೋಳು ತೊಳೆದುಕೊಂಡು ಬನ್ನಿ ಅಂದರು, ತೊಳೆದುಕೊಂಡು ಬಂದರು, ರಕ್ತ ಕೊಟ್ಟರು, ಚಹಾ ಕುಡಿದು ಹೋದರು. ಅವರ ಹಮಾಲಿ ಕೂಲಿಯನ್ನು ಎಷ್ಟೋ ವರ್ಷ ನಾನೇ ಬರೆದಿದ್ದೇನೆ. ಒಬ್ಬರಿಗೆ ಎಷ್ಟು ಮಕ್ಕಳು ಅಂತ ಒಂದು ದಿನ ಕೇಳಿರಲಿಲ್ಲ. ಅಣ್ಣಂದಿರಾ, ನಿಮ್ಮ ಹೆಸರು ಹಾಕಬೇಡ ಅಂದಿದ್ದೀರಿ, ಹಾಕುವುದಿಲ್ಲ. ಗಂಡಸರು ಮೂರು ತಿಂಗಳಿಗೊಮ್ಮೆ ರಕ್ತ ಕೊಡಬಹುದು ಅನ್ನೋದು ನನಗೆ ನಿಮ್ಮಿಂದಲೇ ತಿಳೀತು. 49ನೇ ವಯಸ್ಸಿಗೆ ಮೊದಲ ಸಲ ಕೊಟ್ಟೆ. ಆಮೇಲೆ ಇನ್ನೊಮ್ಮೆ ಕೊಟ್ಟೆ.

ಇನ್ನು ನಮ್ಮ ಮಗ್ಗಲ ಮನೆಯ ಕಾಕಿ. ಇವರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು.

ಆಸ್ಪತ್ರೆಯಿಂದ ಬಂದ ಮೊದಲ ವಾರ ಅಂಗಡಿಯಿಂದ ಕಟ್ಟಿಸಿಕೊಂಡ ರೊಟ್ಟಿ ತಿಂದೆವು. ರೊಟ್ಟಿ ಮಾಡಿ ಮಾರುವ ಆ ತಾಯಂದಿರಿಗೂ ಶರಣು, ನಮ್ಮ ಮನೆ ಉಪವಾಸ ಬೀಳಲಿಲ್ಲ. ಆದರೆ ನನ್ನ ಹೆಂಡತಿ ಅರ್ಧ ರೊಟ್ಟಿಗೇ ಸಾಕು ಅನ್ನುತ್ತಿದ್ದಳು. ಮಲಗಿದವಳಿಗೆ ಬಿಸಿ ರೊಟ್ಟಿ ಬೇಕು ಅಂತ ಕಾಕಿ ಹೇಳಿದರು. ನೀವೇ ಮಾಡಿಕೊಡ್ತೀರಾ ಅಂತ ಕೇಳಿದೆ. ಕಾಕಿಗೆ 70 ದಾಟಿದೆ. ನನ್ನ ಮುಖ ನೋಡಿ ಅಂದರು, "ಕಲಿಸಿಕೊಡ್ತೀನಿ ತಮ್ಮಾ, ಬಾ."

ಪರಾತದಲ್ಲಿ ಹಿಟ್ಟಿನ ಗುಡ್ಡೆ ಮಾಡಿ ನಡುವೆ ಗುಣಿ ತೆಗೆಯಬೇಕು. ಅದಕ್ಕೆ ಕುದಿಯುವ ಎಸರು ಹೊಯ್ಯಬೇಕು. ನಾನು ಗಡಿಯಾರ ನೋಡಿಕೊಂಡು, ನೀರಿನಿಂದ ಹಬೆ ಎದ್ದ ಕೂಡಲೇ ಹೊಯ್ದುಬಿಡುತ್ತಿದ್ದೆ. ಹಿಟ್ಟು ಕಲೆಸಿದಂತೆ ಕಾಣುತ್ತಿತ್ತು, ಬಡಿದರೆ ಅಂಚು ಸೀಳುತ್ತಿತ್ತು. ಮೂರು ದಿನ ಹಿಂಗೇ ಆಯ್ತು. ನಾಲ್ಕನೇ ದಿನ ಕಾಕಿ ನನ್ನ ಕೈ ಹಿಡಿದರು. "ಇನ್ನಾ ಕುದ್ದಿಲ್ಲ ತಮ್ಮಾ. ಜೋಳಕ್ಕ ಗೋಧಿಗತೆ ಅಂಟಿಲ್ಲ. ಕುದಿಯೋ ನೀರು ಬಿದ್ರನ ಅದಕ್ಕ ಜಿಗಿ ಬರೋದು. ಸುಮ್ನ ನಿಂದ್ರು."

ಸುಮ್ನೆ ನಿಂತೆ. ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆ, ಆಮೇಲೆ ಅಂಚಿನಲ್ಲಿ ಸಾಲು ಗುಳ್ಳೆ, ಆಮೇಲೆ ಇಡೀ ನೀರು ಕೊತಕೊತ. ಇಷ್ಟು ವಯಸ್ಸಿನಲ್ಲಿ ನಾನು ನೀರು ಕುದಿಯುವುದನ್ನು ಮೊದಲಿಂದ ಕೊನೆಯವರೆಗೆ ನೋಡಿದ್ದು ಅವತ್ತೇ. ಹೊಯ್ದು, ಸೌಟಿನಿಂದ ಕಲೆಸಿ, ಕೈ ತಡೆಯುವಷ್ಟು ಆರಿದ ಮೇಲೆ ಅಂಗೈಯಿಂದ ಒತ್ತಿ ಒತ್ತಿ ನಾದಿದೆ. ಉಂಡೆ ಬಡಿಯುವಾಗ ಬಲಗೈ ಬಡಿಯಬೇಕು, ಎಡಗೈ ಅಂಚು ಕಾಯಬೇಕು, ರೊಟ್ಟಿ ತಾನಾಗಿ ತಿರುಗುತ್ತಾ ಹೋಗಬೇಕು. ನನ್ನ ಎಡಗೈಗೆ ಅಂಥ ಕೆಲಸವೇ ಗೊತ್ತಿರಲಿಲ್ಲ. ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ಆ ನೀರು ಆರುತ್ತಿದ್ದಂತೆ ತಿರುವಬೇಕು. ಹದಿನೇಳನೇ ದಿನ ಒಂದು ರೊಟ್ಟಿ ಉಬ್ಬಿತು. ಕಾಕಿ ಅದನ್ನು ತಾವೇ ತಟ್ಟೆಗೆ ಹಾಕಿ ಒಳಗೆ ಒಯ್ದರು. ನನ್ನ ಹೆಂಡತಿ ಪೂರಾ ತಿಂದಳು. ಇನ್ನೊಂದು ಕೇಳಿದಳು.

ಆ ಎರಡನೇ ರೊಟ್ಟಿ ಕೇಳಿದಾಗ ನನಗಾದದ್ದನ್ನು ಯಾವ ಬೋನಸ್ಸೂ ಕೊಟ್ಟಿರಲಿಲ್ಲ.

ಲೆಕ್ಕ ಬರೆಯುವವನ ಚಾಳಿ, ಆ ತಿಂಗಳುಗಳಲ್ಲಿ ಮನೆಯದ್ದೂ ಒಂದು ಕಿರ್ದಿ ಇಟ್ಟಿದ್ದೆ. ಗುಳಿಗೆಯ ಹೊತ್ತು, ವ್ಯಾಯಾಮ ಎಷ್ಟು ಸಲ, ನೀರು ಬಂದ ದಿನ. ಕೆಳಗೆ ಒಂದು ಸಾಲು, ಅವತ್ತು ನನಗೆ ಏನಾಯ್ತು ಅಂತ. ಎರಡು ತಿಂಗಳಾದ ಮೇಲೆ ಒಂದು ರಾತ್ರಿ ಹಿಂದಕ್ಕೆ ತಿರುವಿದೆ. "ಸಿಟ್ಟು ಬಂತು" ಅನ್ನೋ ಮಾತು ಪುಟಪುಟಕ್ಕೂ ಇತ್ತು. ಮಗನ ಮೇಲೆ, ಹಾಲಿನವನ ಮೇಲೆ, ಒಮ್ಮೆ ಮಲಗಿದವಳ ಮೇಲೆ. ಹೊತ್ತು ನೋಡಿದರೆ ಹೆಚ್ಚುಕಡಿಮೆ ಎಲ್ಲವೂ ಸಂಜೆ ಆರರಿಂದ ಏಳರ ನಡುವೆ. ಯಾಕೆ ಆ ಹೊತ್ತೇ ಅಂತ ಬಹಳ ಹೊತ್ತು ಕೂತು ಯೋಚಿಸಿದೆ. ಆಮೇಲೆ ಹೊಳೆಯಿತು. ಮಿಲ್‌ನಿಂದ ಗಂಜ್‌ಗೆ ಹೋಗುವ ಮೊದಲು ನಾನು ಮನೆಗೆ ಬಂದು ಹೋಗುವ ಹೊತ್ತು ಅದು. ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಕೈಗೆ ಚಹಾ ಬರುತ್ತಿತ್ತು. ಈಗ ಯಾರೂ ಕೊಡುವವರಿಲ್ಲ. ನನಗೆ ಸಿಟ್ಟು ಬಂದಿದ್ದು ಆ ಚಹಾಕ್ಕೆ.

ಅದನ್ನು ಒಪ್ಪಿಕೊಳ್ಳಲು ಕಷ್ಟವಾಯಿತು. ಆದರೆ ಗೊತ್ತಾದ ಮೇಲೆ ದಾರಿ ಸುಲಭವಾಯಿತು. ಮರುದಿನದಿಂದ ಆರು ಗಂಟೆಗೆ ನಾನೇ ಚಹಾಕ್ಕೆ ಇಟ್ಟೆ, ಮೂರು ಕಪ್. ಮಗ, ಅವಳು, ನಾನು. ಆ ತಿಂಗಳ ಕಿರ್ದಿಯಲ್ಲಿ ಸಿಟ್ಟಿನ ಸಾಲು ಎರಡೇ ಇವೆ. ನಿಮಗೂ ಯಾವುದೋ ಒಂದು ಹೊತ್ತಿನಲ್ಲಿ ಕಾರಣ ಇಲ್ಲದೆ ತಲೆ ಬಿಸಿಯಾಗುತ್ತಿದ್ದರೆ ಒಂದು ತಿಂಗಳು ಬರೆದಿಟ್ಟು ನೋಡಿ.

ಇದನ್ನು ಕಾಕಿಗೆ ಹೇಳಿದೆ. ಅವರು ಬೈಯಲಿಲ್ಲ. ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳಿದರು. ನಮ್ಮ ಪಕ್ಕದ ಬಸವಕಲ್ಯಾಣದಲ್ಲಿ ನಡೆದದ್ದು. ಅವಳ ಗಂಡ ಮಾರಯ್ಯನದು ನೆಲಕ್ಕೆ ಬಿದ್ದ ಅಕ್ಕಿ ಆಯುವ ಕಾಯಕ. ಒಂದು ದಿನ ದಿನಕ್ಕಿಂತ ಜಾಸ್ತಿ ತಂದ. ಲಕ್ಕಮ್ಮ ಒಳಗೆ ತೆಗೆದುಕೊಳ್ಳಲಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಅಂದಳು. ಈ ಕಥೆ ಸಣ್ಣವನಿದ್ದಾಗಿನಿಂದ ಕೇಳಿದ್ದೇನೆ. ಲಕ್ಕಮ್ಮ ಬೇಡ ಅಂದಳು ಅಂತ ಗೊತ್ತಿತ್ತು. ಆದರೆ ನಮ್ಮ ಮನೆಯಲ್ಲೂ ಒಬ್ಬಳು ಎರಡು ವರ್ಷದ ಹಿಂದೆ "ಗಂಜಿನ ಕೆಲಸ ಬ್ಯಾಡ್ರಿ, ಇದ್ದದ್ದರಾಗ ಸಾಕು, ಸಂಜಿಗಿ ಮನ್ಯಾಗ ಇರ್ರಿ" ಅಂದಿದ್ದಳು. ಅದು ನನ್ನ ಕಿವಿಗೆ ಬಿದ್ದಿರಲಿಲ್ಲ. ಜೂನ್‌ನಲ್ಲಿ ಅಡತಿ ಅಂಗಡಿಯ ಲೆಕ್ಕ ಬಿಟ್ಟೆ. ಕೈಯಲ್ಲಿ ದುಡ್ಡು ಕಮ್ಮಿಯಾಗಿದೆ, ನಿಜ. ತಿಂಗಳ ಕೊನೆಗೆ ಗೊತ್ತಾಗುತ್ತದೆ. ಆದರೂ ವಾಪಸ್ ಹೋಗುವುದಿಲ್ಲ.

ಫಿಸಿಯೋಥೆರಪಿಗೆ ಬರುತ್ತಿದ್ದ ಹುಡುಗನಿಗೆ ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಮಲಗಿದ್ದಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುವುದರಿಂದ ಶುರು ಮಾಡಿಸಿದ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ. ಆರು ವಾರ ಆ ಕಾಲಿಗೆ ಭಾರ ಹಾಕುವಂತಿರಲಿಲ್ಲ. ಡಾಕ್ಟರು ಎಕ್ಸ್‌ರೇ ನೋಡಿ ಹ್ಞೂಂ ಅಂದ ದಿನ ಅವಳು ವಾಕರ್ ಹಿಡಿದು ಎದ್ದಳು. ಮಂಚದಿಂದ ಅಡಿಗೆಮನೆ ಬಾಗಿಲಿಗೆ ಹನ್ನೊಂದು ಹೆಜ್ಜೆ. ಮೂರನೇ ಹೆಜ್ಜೆಗೆ ಅವಳ ಮೊಣಕಾಲು ನಡುಗಿತು. ನಾನು ಓಡಿ ಹೋಗಿ ತೋಳು ಹಿಡಿದೆ. ಆ ಹುಡುಗ ಮೆಲ್ಲಗೆ ಅಂದ, "ಕೈ ತೆಗೀರಿ ಸರ್. ಅವರು ಬೀಳಲ್ಲ. ನೀವು ಅಂಜೀರಿ."

ಕೈ ತೆಗೆದೆ. ಹನ್ನೊಂದು ಹೆಜ್ಜೆಗೆ ನಾಲ್ಕು ನಿಮಿಷ ಹಿಡೀತು. ಬಾಗಿಲ ಚೌಕಟ್ಟು ಮುಟ್ಟಿ ಅವಳು ಹಿಂದಕ್ಕೆ ತಿರುಗಿ ನಕ್ಕಳು. ನಾನು ಹಿಡಿದಿದ್ದರೆ ಆ ನಗು ಅವಳಿಗೆ ಸಿಗುತ್ತಿರಲಿಲ್ಲ. ಮಗನ ಓದು, ಅವಳ ತವರಿನ ವಿಷಯ, ಎಲ್ಲಾದರಲ್ಲೂ ಸಹಾಯ ಅಂತ ನಾನು ಮಧ್ಯೆ ಕೈ ಹಾಕುತ್ತಿದ್ದದ್ದು ಅವತ್ತು ನೆನಪಾಯಿತು. ಮಗ ಈ ವರ್ಷ ಎಸ್‌ಎಸ್‌ಎಲ್‌ಸಿ. ಟೈಂಟೇಬಲ್ ಅವನೇ ಬರೆದುಕೊಂಡಿದ್ದಾನೆ. ನಾನು ಕೇಳಿದರೆ ಮಾತ್ರ ತೋರಿಸುತ್ತಾನೆ, ತಿದ್ದುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ. ಫಿಸಿಯೋಥೆರಪಿಯ ತಮ್ಮಾ, ನಿನಗೆ ಫೀ ಕೊಟ್ಟಿದ್ದೇನೆ, ಆದರೆ ಆ ಒಂದು ಮಾತಿನದ್ದು ಬಾಕಿ ಇದೆ.

ನನ್ನ ಮಗನಿಗೂ ಒಂದು ಮಾತು. ಮೇ ತಿಂಗಳ ಬಿಸಿಲಿನಲ್ಲಿ, ಕೂಲರ್ ಮುಂದೆ ಕೂತು ಇಬ್ಬರೂ ಪುಂಡಿ ಸೊಪ್ಪು ಬಿಡಿಸುತ್ತಿದ್ದೆವು. ನನಗೆ ಗೊತ್ತಿಲ್ಲದೆ ಒಂದು ತತ್ವಪದ ಬಾಯಿಗೆ ಬಂತು. ಜೇವರ್ಗಿ ಕಡೆಯ ನಮ್ಮೂರಲ್ಲಿ ಅಮಾವಾಸ್ಯೆಗೊಮ್ಮೆ ಭಜನೆ ಇರುತ್ತಿತ್ತು. ಹತ್ತನೇ ವಯಸ್ಸಿನಲ್ಲಿ ನಾನು ಅಲ್ಲಿ ದಮ್ಮಡಿ ಬಡಿಯುತ್ತಿದ್ದೆ. ಕಲಬುರಗಿಗೆ ಬಂದ ಮೇಲೆ ಬಿಟ್ಟೇಹೋಗಿತ್ತು. ಮಗ ಸೊಪ್ಪು ಬಿಟ್ಟು ನನ್ನನ್ನೇ ನೋಡುತ್ತಿದ್ದ. "ಪಪ್ಪಾ, ನೀವು ಹಾಡ್ತೀರಿ ಅಂತ ನಂಗ ಗೊತ್ತೇ ಇರಲಿಲ್ಲ" ಅಂದ. ಒಳಗಿನಿಂದ ಅವಳು ಕೂಗಿದಳು, "ನನಗೂ ಗೊತ್ತಿರಲಿಲ್ಲ." ಮದುವೆಯಾಗಿ 21 ವರ್ಷ. ನನಗೇ ಮರೆತುಹೋಗಿದ್ದನ್ನು ಅವರಿಗೆ ನಾನು ಹೇಗೆ ಹೇಳಿರಲಿ. ಮಗನೇ, ಮುಂದಿನ ಸಾಲು ಏನು ಅಂತ ನೀನು ಕೇಳಿದೆ ನೋಡು, ಅದಕ್ಕೇ ನಾನು ಊರಿಗೆ ಫೋನು ಹಚ್ಚಿ ಇಡೀ ಪದ ಬರೆದುಕೊಂಡೆ. ಈಗ ಐದು ಪದ ಆಗಿವೆ.

ಮಿಲ್‌ನ ಸಾವ್ಕಾರರು ಮೂರು ತಿಂಗಳು ಹನ್ನೊಂದು ಗಂಟೆಗೆ ಬರಲು ಬಿಟ್ಟರು, ಸಂಬಳ ಹಿಡಿಯಲಿಲ್ಲ. ನನ್ನ ತಂಗಿ ಆಪರೇಷನ್ ಆದ ಮೇಲೆ ಹದಿನೈದು ದಿನ ಯಾದಗಿರಿಯಿಂದ ಬಂದು ಇದ್ದಳು. ನಾನು ಮಾಡಲಾಗದ, ಹೆಂಗಸರೇ ಮಾಡಬೇಕಾದ ಸೇವೆಯನ್ನೆಲ್ಲಾ ಮಾಡಿದಳು. ಶರಣಬಸವೇಶ್ವರರ ಜಾತ್ರೆಗೆ ಇವಳು ಹೋಗಲಾಗಲಿಲ್ಲ ಅಂತ ಓಣಿಯ ಹೆಣ್ಣುಮಕ್ಕಳು ಬೆಂಡು ಬತ್ತಾಸು ತಂದು ಮಂಚದ ಮೇಲೆ ಸುರಿದು ಹೋದರು. ಅಕ್ಟೋಬರಿನಲ್ಲಿ ಮೊದಲ ಸಲ ಅಪ್ಪನ ಕೆರೆಯ ದಂಡೆಯ ಮೇಲೆ ಅರ್ಧ ಸುತ್ತು ನಡೆದಾಗ ಗುರುತಿಲ್ಲದ ಒಬ್ಬರು ಬೆಂಚು ಬಿಟ್ಟುಕೊಟ್ಟರು. ಎಲ್ಲರಿಗೂ ಶರಣು ಶರಣಾರ್ಥಿ.

ಹಬ್ಬದ ಹಿಂದಿನ ರಾತ್ರಿ ಭಜ್ಜಿ ಪಲ್ಯಕ್ಕೆ ತಯಾರಿ ಮಾಡಿದ್ದು ನಾನು, ಮಗ ಮತ್ತು ಅವಳು. ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಶೇಂಗಾ, ಮೆಂತ್ಯ ಸೊಪ್ಪು, ಹುಣಸೆ ರಸ, ಕಡಲೆ ಹಿಟ್ಟು. ಅವಳು ಕುರ್ಚಿಯಲ್ಲಿ ಕೂತು ಕಾಳು ಸುಲಿದಳು. ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಿ ಬಡಿದದ್ದು ನಾನು. ಹೊಲದಲ್ಲಿ ಹತ್ತೊಂಬತ್ತು ಜನ ಉಂಡರು. ಅಂಬಲಿ ಮಾತ್ರ ಕಾಕಿಯದು, ಅದು ಇನ್ನೂ ನನಗೆ ಬಂದಿಲ್ಲ.

ಇಷ್ಟು ಬರೆದು ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳ ಬಗ್ಗೆ ಇನ್ನೂ ಬರೆಯುವುದಿತ್ತು, ಬೇಡ ಅಂದಳು. ಆಮೇಲೆ ಸ್ವಲ್ಪ ಯೋಚಿಸಿ, "ಒಬ್ಬರನ್ನ ಬಿಟ್ಟೀರಿ" ಅಂದಳು. "ವಾಕರ್ ಕೊಟ್ಟವರು."

ಹೌದು. ಹಿಂದಿನ ಗಲ್ಲಿಯ ಅಜ್ಜಿ ತೀರಿಹೋದ ಮೇಲೆ ಅವರ ವಾಕರ್ ಮನೆಯಲ್ಲಿತ್ತು. ನಮಗೆ ಬೇಕು ಅಂತ ಯಾರಿಂದಲೋ ಕೇಳಿ, ಅಜ್ಜಿಯ ಸೊಸೆ ಅದನ್ನು ತೊಳೆದು, ಕಾಲಿಗೆ ಹೊಸ ರಬ್ಬರ್ ಹಾಕಿಸಿ ನಮ್ಮ ಬಾಗಿಲಲ್ಲಿ ಇಟ್ಟು ಹೋಗಿದ್ದರು. ಅಕ್ಕಾ, ವಾಪಸ್ ಕೊಡಲು ಬಂದಾಗ ನೀವು ತೆಗೆದುಕೊಳ್ಳಲಿಲ್ಲ. ಮುಂದೆ ಯಾರಿಗೆ ಬೇಕೋ ಅವರಿಗೆ ಕೊಡಿ ಅಂದಿರಿ. ಅದು ಈಗ ನಮ್ಮ ಪಡಸಾಲೆಯಲ್ಲಿದೆ. ರಬ್ಬರ್ ಮತ್ತೆ ಹೊಸದು ಹಾಕಿಸಿದ್ದೇನೆ. ಕಲಬುರಗಿಯಲ್ಲಿ ಯಾರಿಗಾದರೂ ಬೇಕಾಗಿದ್ದರೆ ಹೇಳಿ, ಮಗ ಮತ್ತು ನಾನು ತಂದು ಕೊಡುತ್ತೇವೆ. ಸಂಜೆ ಆರರ ಚಹಾ ಆದ ಮೇಲೆ ಬರುತ್ತೇವೆ.