ಐವತ್ತರಲ್ಲಿ ಸಂಗಾತಿ ಹುಡುಕುವವರಿಗೆ

ಮಾನ್ಯ ಸಂಪಾದಕರೇ,

ಐವತ್ತರ ಆಸುಪಾಸಿನವರು ಮೊಬೈಲ್ ಆ್ಯಪ್‌ನಲ್ಲಿ ಸಂಗಾತಿ ಹುಡುಕುತ್ತಾರೆಂದರೆ ಹುಬ್ಬಳ್ಳಿ-ಧಾರವಾಡದಲ್ಲಿ ಇನ್ನೂ ನಗುವವರಿದ್ದಾರೆ. ವಿಧವೆಯರು ಮರುಮದುವೆಯಾಗುವ ಉಡಿಕಿ ಪದ್ಧತಿಯನ್ನೇ ಇಟ್ಟುಕೊಂಡಿದ್ದ ಸೀಮೆ ನಮ್ಮದು. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಫಜೀತಿ ಆಗುವುದು ಮಾತ್ರ ನಿಜ. ಅದನ್ನು ತಪ್ಪಿಸಲಿಕ್ಕೆ ಬರುತ್ತದೆ.

ಮೊದಲನೆಯದು ಫೋಟೊದ ಫಜೀತಿ. ಯಾರದೋ ಮದುವೆಯ ಗ್ರೂಪ್ ಫೋಟೊದಿಂದ ಮುಖವಷ್ಟೇ ಕತ್ತರಿಸಿ ಹಾಕುತ್ತಾರೆ. ಹೆಗಲ ಮೇಲೆ ಇನ್ನೊಬ್ಬರ ಕೈ, ಬದಿಗೆ ಅರ್ಧ ಇಳಕಲ್ ಸೀರೆ ಉಳಿದಿರುತ್ತದೆ. ಮನೆಯಲ್ಲಿ ತೆಗೆದರೆ ಹಿಂದಿನ ಗೋಡೆಯ ಮೇಲೆ ತೀರಿಹೋದವರ ಹಾರ ಹಾಕಿದ ಪಟ. ಬೆಳಿಗ್ಗೆ ಎಂಟರ ಸುಮಾರಿಗೆ ಕಿಟಕಿಗೆ ಮುಖ ಮಾಡಿ ಕುಳಿತು, ಮೊಬೈಲನ್ನು ಕಣ್ಣಿನ ಎತ್ತರಕ್ಕೆ ಹಿಡಿಸಿ ಬೇರೆಯವರಿಂದ ತೆಗೆಸಬೇಕು. ಕೆಳಗಿನಿಂದ ತೆಗೆದರೆ ಗದ್ದ ಎರಡಾಗಿ ಕಾಣುತ್ತದೆ. ಮೂರು ಫೋಟೊ ಸಾಕು: ಮುಖದ್ದು, ನಿಂತದ್ದು, ಏನಾದರೂ ಕೆಲಸದಲ್ಲಿ ಇರುವುದು. ಚಾಳೀಸು ಹಾಕುವವರು ಹಾಕಿಕೊಂಡೇ ತೆಗೆಸಲಿ. ಹದಿನೈದು ವರ್ಷ ಹಿಂದಿನ ಕಪ್ಪು ಕೂದಲಿನ ಫೋಟೊ ನೋಡಿ ಬಂದವರು ಎದುರಿಗೇ ನಿಂತರೂ ಗುರುತು ಹಿಡಿಯದೆ ಫೋನ್ ಹಚ್ಚುತ್ತಾರೆ.

ವಯಸ್ಸಿನದು ಬೇರೆಯೇ ತೊಡಕು. ಈ ತಲೆಮಾರಿನ ಎಷ್ಟೋ ಜನರ ಹುಟ್ಟಿದ ದಿನ ದಾಖಲೆಯಲ್ಲಿ ಜೂನ್ 1. ಸಾಲಿಗೆ ಸೇರಿಸುವಾಗ ಮಾಸ್ತರು ಬರೆದದ್ದು. ಆಧಾರ್‌ನಲ್ಲೂ ಅದೇ, ಆ್ಯಪ್‌ನಲ್ಲೂ ಅದೇ. ಮಾತಿನ ನಡುವೆ 'ನಾನು ದೀಪಾವಳಿಗೆ ಹುಟ್ಟಿದ್ದು' ಎಂದರೆ ಎದುರಿನವರಿಗೆ ಸುಳ್ಳಿನ ಗುಮಾನಿ. ಎರಡೂ ತಾರೀಖನ್ನು ಮೊದಲೇ ಹೇಳಿಬಿಡಿ.

ಆ್ಯಪ್‌ನಲ್ಲಿ ದೂರದ ಮಿತಿ 10 ಕಿ.ಮೀ. ಇಟ್ಟರೆ ಹುಬ್ಬಳ್ಳಿಯವರಿಗೆ ಧಾರವಾಡದವರು ಕಾಣುವುದೇ ಇಲ್ಲ. 25 ಇಡಬೇಕು, ಗದಗ, ಹಾವೇರಿಯೂ ಬೇಕೆಂದರೆ 80. ಅಕ್ಕನ ಮಗ ನೋಡಿಯಾನೆಂಬ ಅಂಜಿಕೆಯಿದ್ದರೆ, ಫೋನಿನಲ್ಲಿರುವ ನಂಬರಿನವರಿಗೆ ಪ್ರೊಫೈಲ್ ಕಾಣದಂತೆ ಮಾಡುವ ಸೌಲಭ್ಯ ಕೆಲವು ಆ್ಯಪ್‌ಗಳಲ್ಲಿದೆ. ಅವನು ಬೇರೆ ನಂಬರಿನಿಂದ ಸೇರಿದ್ದರೆ ಅದು ನಡೆಯದು.

ಭೇಟಿಗೆ ಮುಂಚೆ ಹತ್ತು ನಿಮಿಷದ ವಿಡಿಯೊ ಕಾಲ್ ಆಗಲೇಬೇಕು. ಮೊದಲ ಭೇಟಿ ಹಗಲಿನಲ್ಲಿ, ಜನ ಇರುವ ಕಡೆ, ಒಂದು ತಾಸು. ಉಣಕಲ್ ಕೆರೆ ಚಲೋ, ಆದರೆ ರವಿವಾರ ಸಂಜೆ ಬೇಡ. ಪರಿಚಯದವರೇ ಹತ್ತು ಮಂದಿ ಸಿಗುತ್ತಾರೆ. ಧಾರವಾಡದವರು ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಬಂದು ಅದರಲ್ಲೇ ಮರಳಲಿ. ಅಂದೇ ಒಬ್ಬರ ಗಾಡಿಯನ್ನು ಇನ್ನೊಬ್ಬರು ಹತ್ತುವುದು ಬೇಡ.

ಹಣದ ವಿಷಯಕ್ಕೆ ಬಂದರೆ ದಾಕ್ಷಿಣ್ಯ ಬಿಡಬೇಕು. ವಿದೇಶದಲ್ಲಿ ಡಾಕ್ಟರ್ ಎಂದು ಹೇಳಿಕೊಂಡವರು ಎರಡು ವಾರ ಸವಿಯಾಗಿ ಮಾತಾಡಿ, ಉಡುಗೊರೆ ಕಳಿಸಿದ್ದೇನೆ ಎನ್ನುತ್ತಾರೆ. ಹಿಂದೆಯೇ ಇನ್ನೊಬ್ಬರ ಫೋನ್: ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ತಡೆದಿದೆ, ಸುಂಕ ಹಾಕಿ. ಕಸ್ಟಮ್ಸ್ ಇಲಾಖೆ ಯಾರದೋ ಸ್ವಂತ ಖಾತೆಗೆ ಸುಂಕ ಹಾಕಿಸಿಕೊಳ್ಳುವುದಿಲ್ಲ. ದುಡ್ಡು ಹೋಗಿದ್ದರೆ ನಾಚಿಕೊಂಡು ಕೂಡ್ರದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ದುಡ್ಡು ಖಾತೆಯಿಂದ ಖಾತೆಗೆ ದಾಟುವ ಮುಂಚೆ ತಡೆಹಿಡಿಯಲು ಸಾಧ್ಯ. ಮಕ್ಕಳಿಗೆ ತಿಳಿದೀತೆಂದು ಎರಡು ದಿನ ಮುಚ್ಚಿಟ್ಟವರ ಹಣ ಸಿಗುವುದು ಕಷ್ಟ.

ಸಂಬಂಧ ಕೂಡಿಬಂದರೆ ಕಾಗದಪತ್ರ ನೋಡಿ. 'ಕೇಸು ಕೋರ್ಟಿನಲ್ಲಿದೆ' ಎನ್ನುವವರು ಕಾನೂನಿನಲ್ಲಿ ಇನ್ನೂ ಮದುವೆಯಾದವರೇ. ವಿಚ್ಛೇದನದ ತೀರ್ಪಿನ ದೃಢೀಕೃತ ಪ್ರತಿ ಅಥವಾ ಮರಣ ಪ್ರಮಾಣಪತ್ರ ಕೇಳಲು ಸಂಕೋಚ ಬೇಡ. 1954ರ ವಿಶೇಷ ವಿವಾಹ ಕಾಯ್ದೆಯಡಿ ಆಗುವುದಾದರೆ 30 ದಿನದ ನೋಟಿಸ್, ಮೂವರು ಸಾಕ್ಷಿಗಳು ಬೇಕು. ಗಂಡನ ಕುಟುಂಬ ಪಿಂಚಣಿ ಪಡೆಯುತ್ತಿರುವ ಹೆಣ್ಣುಮಕ್ಕಳು, ಮರುಮದುವೆಯಾದರೆ ಅದು ನಿಲ್ಲುತ್ತದೆಯೇ ಎಂಬುದನ್ನು ತಾರೀಖು ಗೊತ್ತುಮಾಡುವ ಮೊದಲೇ ಸಂಬಂಧಪಟ್ಟ ಕಚೇರಿಯಲ್ಲಿ ಕೇಳಿಕೊಳ್ಳಲಿ.

– ಓದುಗರೊಬ್ಬರು, ವಿದ್ಯಾಗಿರಿ, ಧಾರವಾಡ